ಗಂಡನ ಕಡೆಯ ಸಾಕ್ಷಿ

ಶ್ರೀಮತಿಯಕ್ಕ ಇವತ್ತು ಒಂದು ಮಾತು ತಪ್ಪಿದರೆ ಸಾಕು, ಆಂಜೆಲಾಳ ಏಳು ವರ್ಷ ನೀರಿನಲ್ಲಿ ಹೋಮ. ಅಕ್ಕನಿಗೆ ತನ್ನನ್ನು ಕಂಡರಾಗದು. ಆಗುತ್ತಿದ್ದರೆ ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಕರೆಯುತ್ತಿರಲಿಲ್ಲವೇ?

ಕಾಪುವಿನ ಈ ಮನೆಗೆ ಅವಳು ಬಂದದ್ದು ಇದೇ ಮೊದಲು. ಮದುವೆಯಾದಂದಿನಿಂದ ಮಣಿಪಾಲದ ಫ್ಲ್ಯಾಟೇ ಅವಳ ಮನೆ. ಗಂಡ ರಘುವೀರ ಮಾತ್ರ ಪ್ರತಿ ಶನಿವಾರ ಸಂಜೆ ಕಾಪುವಿಗೆ ಬಂದು ಸೋಮವಾರ ಬೆಳಿಗ್ಗೆ ಮರಳುತ್ತಿದ್ದ. ಹಿರಿಯರ ಕಾಲದ ದೇವರ ಪೂಜೆ ಬಿಡುವ ಹಾಗಿಲ್ಲ, ಬಾವ ಮುಂಬೈಯ ಹೋಟೆಲಿನಲ್ಲಿ, ಮನೆಯಲ್ಲಿ ತನ್ನ ಅಕ್ಕ ಒಬ್ಬಳೇ ಎನ್ನುವುದು ಅವನ ಕಾರಣ. "ಅಕ್ಕನದ್ದು ಭಾರೀ ಮಡಿ ಮಾರಾಯ್ತಿ. ನೀನು ಬಂದರೆ ಸುಮ್ಮನೆ ಬೇಸರ," ಎನ್ನುತ್ತಿದ್ದ. ಹೆಸರೇ ಶ್ರೀಮತಿಯಾ, ಹಾಗಾದರೆ ಯಾರ ಶ್ರೀಮತಿ ಎಂದು ಒಮ್ಮೆ ತಮಾಷೆ ಮಾಡಿದ್ದಕ್ಕೆ ಅವನು ಎರಡು ದಿನ ಮಾತು ಬಿಟ್ಟಿದ್ದ.

ಆಂಜೆಲಾ ಮೊಂಬಾಸಾದಿಂದ ಮಣಿಪಾಲಕ್ಕೆ ಓದಲು ಬಂದವಳು. ಆ ದೇಶದಲ್ಲಿ ಈಗ ಅವಳವರು ಅಂತ ಯಾರೂ ಉಳಿದಿಲ್ಲ. ಈ ದೇಶದಲ್ಲಿ ಇರಲು ಅವಳಿಗಿದ್ದ ಹಕ್ಕು ಒಂದೇ: ರಘುವೀರನ ಹೆಂಡತಿ. ಪೌರತ್ವಕ್ಕೆ ಅರ್ಜಿ ಹಾಕಿದ್ದೂ ಅದನ್ನೇ ನೆಚ್ಚಿಕೊಂಡು. ಮದುವೆ ನಿಜವಲ್ಲ ಎಂದು ಪೊಲೀಸರು ಬರೆದರೆ ಅರ್ಜಿಯೂ ಹೋಯಿತು, ವೀಸಾವೂ ಹೋಯಿತು, ಗಂಟುಮೂಟೆ ಕಟ್ಟುವುದೇ. ಹಾಗಾಗಿ ಕಾರ್ಕಳದಲ್ಲಿ ಮಾಡಿಸಿದ ಮದುವೆಯ ನೋಂದಣಿಯಿಂದ ಹಿಡಿದು ಗ್ಯಾಸ್ ಪುಸ್ತಕದವರೆಗೆ ಎಲ್ಲವನ್ನೂ ಫೈಲಿಗೆ ಹಾಕಿದ್ದಳು. ಕಾರ್ಕಳವೇ ಯಾಕೆಂದರೆ, ಉಡುಪಿಯಲ್ಲಿ ರಘುವೀರನಿಗೆ ಗುರುತಿನವರು ಜಾಸ್ತಿ. ಈಗ ಉಳಿದದ್ದು ಗಂಡನ ಕಡೆಯವರ ಹೇಳಿಕೆಯೊಂದು. ಅದನ್ನು ಬರೆದುಕೊಳ್ಳಲು ಪೊಲೀಸರು ಈ ಹೊತ್ತು ಬರುವವರಿದ್ದರು.

ಅಡುಗೆಮನೆಯಲ್ಲಿ ಗುಳ್ಳ ಬದನೆಯ ಹುಳಿ ಕುದಿಯುತ್ತಿತ್ತು. ಅದರ ನಡುವೆ ತುಳುವಿನಲ್ಲಿ ಪಿಸುಪಿಸು. ಫ್ಲ್ಯಾಟಿನ ನೆರೆಯವರಿಂದ ಕಲಿತ ತುಳು ಆಂಜೆಲಾಳಿಗೆ ಅಷ್ಟಕ್ಕೆ ಸಾಕಿತ್ತು.

"ಹೇಳಿಕೊಟ್ಟದ್ದು ನೆನಪುಂಟಲ್ಲ?" ರಘುವೀರನ ಧ್ವನಿ.

"ಉಂಟು. ಕಾಗದಕ್ಕೆ ಮಾತ್ರ ಅಲ್ವಾ?"

"ಕಾಗದಕ್ಕೆ ಮಾತ್ರ."

ಆಂಜೆಲಾ ಫೈಲನ್ನು ಎದೆಗೆ ಅವಚಿಕೊಂಡಳು. ಹೇಳಿಕೊಟ್ಟು ಒಪ್ಪಿಸಬೇಕಾದರೆ ಅಕ್ಕನ ಹೊಟ್ಟೆಯಲ್ಲಿ ಎಷ್ಟು ವಿಷ ಇರಬೇಡ!

ರಘುವೀರ ಹೊರಗೆ ಬಂದವನೇ ತನ್ನ ಆಧಾರಿನ ಜೆರಾಕ್ಸ್ ತಂದಿಲ್ಲವೆಂದು ಹಣೆ ಚಚ್ಚಿಕೊಂಡ. "ಪೇಟೆಗೆ ಹೋಗಿ ಬರುತ್ತೇನೆ. ಕೇಳಿತಾ?" ಎಂದು ಅಡುಗೆಮನೆಯ ಕಡೆ ಕೂಗಿ ಸ್ಕೂಟರ್ ಹತ್ತಿದ. ಬೆಳಗಿನಿಂದ ಅವನು ಅಕ್ಕನನ್ನು ಕರೆದದ್ದೆಲ್ಲ ಹಾಗೆಯೇ, ಕೇಳಿತಾ, ಕೇಳಿತಾ. ಅಕ್ಕ ಎಂಬ ಶಬ್ದ ಒಮ್ಮೆಯೂ ಬಾಯಿಂದ ಬರಲಿಲ್ಲ. ಇಬ್ಬರಿಗೂ ಜಗಳವಾಗಿರಬೇಕು, ಅದೂ ತನ್ನಿಂದಲೇ ಎಂದುಕೊಂಡಳು ಆಂಜೆಲಾ. ಊರಿನ ತಪ್ಪನ್ನೆಲ್ಲ ತನ್ನ ತಲೆಗೆ ಕಟ್ಟಿಕೊಳ್ಳುವ ಪಾಪದ ಹೆಣ್ಣು ಅದು.

ಶ್ರೀಮತಿ ಕಾಫಿ ತಂದಿಟ್ಟು ಎದುರಿಗೇ ಕುಳಿತಳು. ಕತ್ತಿನಲ್ಲಿ ಕರಿಮಣಿ, ತಲೆಯಲ್ಲಿ ಅಲ್ಲಲ್ಲಿ ನರೆ. ಕೇಳದೆಯೇ ಫೈಲು ಎಳೆದುಕೊಂಡು ಫೋಟೋಗಳನ್ನು ಒಂದೊಂದಾಗಿ ಮಗುಚಿದಳು.

"ಇದೆಲ್ಲ ಅರ್ಜಿಗೆ ಅಂತ ತೆಗೆಸಿದ್ದಾ?"

"ಹೆಚ್ಚಿನದು ಹೌದು ಅಕ್ಕ. ಇದೊಂದು ಅಲ್ಲ."

ಮಟ್ಟುವಿನ ಕಡಲ ಬದಿ. ರಘುವೀರ ಆಂಜೆಲಾಳ ಮಡಿಲಲ್ಲಿ ತಲೆಯಿಟ್ಟು ನಿದ್ದೆ ಹೋಗಿದ್ದ.

"ಇದು ನಾನೇ ಸುಮ್ಮನೆ ತೆಗೆದದ್ದು. ರಘುವಿಗೆ ಗೊತ್ತೇ ಇರಲಿಲ್ಲ."

ಶ್ರೀಮತಿ ಆ ಫೋಟೋವನ್ನು ಕೆಳಗಿಡಲಿಲ್ಲ. ಒಳಗೆ ಹುಳಿ ತಳ ಹಿಡಿಯುವ ವಾಸನೆ ಬಂತು, ಅವಳು ಏಳಲಿಲ್ಲ.

"ಮಕ್ಕಳು ಬೇಡವಾ ನಿನಗೆ?"

"ನನಗೆ ಆಸೆ ಉಂಟು ಅಕ್ಕ. ಪೌರತ್ವ ಒಂದು ಸಿಗಲಿ, ಆಮೇಲೆ ಅಂತ ರಘು ಹೇಳುತ್ತಾನೆ."

"ಹೌದಾ," ಎಂದಳು ಶ್ರೀಮತಿ. ಮುಖದಲ್ಲಿ ರಕ್ತವೇ ಇರಲಿಲ್ಲ. ಮುಗಿಯಿತು ನನ್ನ ಕಥೆ ಎಂದು ಆಂಜೆಲಾಳಿಗೆ ಖಾತ್ರಿಯಾಯಿತು. ರಘುವೀರನಿಗೆ ಫೋನ್ ಮಾಡೋಣವೆಂದು ಎದ್ದಳು. ಅಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತಿತು.

ಬಂದವನು ಹೆಡ್ ಕಾನ್‌ಸ್ಟೇಬಲ್ ಹನುಮೇಶ, ಬಾಗಲಕೋಟೆ ಕಡೆಯವನು. ನೀರು ಕುಡಿದು, ಚೀಲದಿಂದ ಹಾಳೆ ತೆಗೆದು, ನೇರ ಶ್ರೀಮತಿಯನ್ನೇ ಕೇಳತೊಡಗಿದ. ಮನೆ ಯಾರದು, ರಘುವೀರ ಈ ಮನೆಯಲ್ಲಿ ಎಷ್ಟು ಕಾಲದಿಂದ ಇದ್ದಾನೆ. ಶ್ರೀಮತಿ ಎಲ್ಲಕ್ಕೂ ಸರಿಯಾಗಿ ಉತ್ತರಿಸಿದಳು.

"ಒಂದ್ ಮಾತು ಖರೇ ಹೇಳ್ರಿ ಅಕ್ಕಾರ. ಇವರಿಬ್ರೂ ಸಂಸಾರ ಮಾಡ್ಕೊಂಡದಾರೊ, ಇಲ್ಲಾ ಬರೇ ಕಾಗದದ ಮ್ಯಾಲಿನ ಮದುವಿನೋ?"

ಆಂಜೆಲಾ ಅಕ್ಕನ ಮುಖವನ್ನೇ ನೋಡಿದಳು.

"ಸಂಸಾರವೇ," ಎಂದಳು ಶ್ರೀಮತಿ. "ಕಾಗದಕ್ಕೆ ಮಾತ್ರ ಅಂತ ಯಾರಾದರೂ ಹೇಳಿದರೆ ಅದು ಸುಳ್ಳು."

ಅಬ್ಬಾ! ಆಂಜೆಲಾಳಿಗೆ ಅಲ್ಲೇ ಅವಳ ಕಾಲು ಹಿಡಿಯುವಷ್ಟು ಆಯಿತು. ಇಂಥ ಹೆಂಗಸಿನ ಮೇಲೆ ಏನೇನು ಅನುಮಾನಪಟ್ಟೆ ಎಂದು ಕಣ್ಣೊರೆಸಿಕೊಂಡಳು. ಹನುಮೇಶನೂ ಹಗುರಾಗಿ ನಕ್ಕ.

"ಮುಗೀತು ನೋಡ್ರಿ. ತಮ್ಮನ ಪೂರ್ತಿ ಹೆಸರು ಹೇಳಿಬಿಡ್ರಿ, ಬರಕೊಂಡು ಹೊಂಡ್ತೀನಿ."

ಶ್ರೀಮತಿ ಕೈಯಲ್ಲಿದ್ದ ಫೋಟೋವನ್ನು ಫೈಲಿನೊಳಗೆ ಇಟ್ಟಳು.

"ಹೆಸರು ಹೇಳ್ರಿ ಅಕ್ಕಾರ."

"ಅವಳ ಹತ್ತಿರ ಕೇಳಿ. ಅವಳು ಹೇಳುತ್ತಾಳೆ."

"ಅವರು ಹೇಳಿದ್ರ ನಡ್ಯಾಂಗಿಲ್ರಿ. ಸಾಕ್ಷಿ ನೀವು."

ಹೊರಗೆ ಸ್ಕೂಟರಿನ ಸದ್ದು. ಜೆರಾಕ್ಸ್ ಹಿಡಿದು ರಘುವೀರ ಹೊಸ್ತಿಲಿಗೆ ಬಂದ. ಶ್ರೀಮತಿ ಅವನ ಕಡೆ ತಿರುಗಲಿಲ್ಲ. ಆಂಜೆಲಾಳನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ, ಬರೀ ಸಂಕಟವಿತ್ತು.

"ನಾನು ಹೇಳುವ ಹಾಗಿಲ್ಲ," ಎಂದಳು. "ನಮ್ಮಲ್ಲಿ ಗಂಡನ ಹೆಸರು ಹೇಳುವ ಕ್ರಮ ಇಲ್ಲ."