ಮುಂಗೈ ನರ

ಸಂಶೋಧನೆಗೆಂದು ಊರಿಗೆ ಬಂದಿದ್ದ ಡಾಕ್ಟರು ಹಲವರ ಮುಂಗೈ ನೋಡಿ ಎರಡು ಮಾತು ಹೇಳಿದ್ದರು. ಹೆಬ್ಬೆರಳಿಗೆ ಕಿರುಬೆರಳು ತಾಗಿಸಿ ಮಣಿಕಟ್ಟು ಬಾಗಿಸಿದರೆ ನಡುವೆ ಎದ್ದು ಕಾಣುವ ನರ ಈ ಕುಲದ ಬಹುತೇಕ ಎಲ್ಲರಿಗೂ ಇದೆ. ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ, ಅದರಲ್ಲಿ ವಿಶೇಷವೇನೂ ಇಲ್ಲ.

ನೀಲವ್ವ ಎರಡನ್ನೂ ಕೇಳಿಸಿಕೊಂಡಿದ್ದಳು. ಕುಲದ ಹಿರಿಯನಾದ ಅವಳ ಗಂಡ ಮೊದಲನೆಯದನ್ನಷ್ಟೇ ಹಿಡಿದುಕೊಂಡ. ಅಂದಿನಿಂದ ಆ ನರವೇ ಶುದ್ಧ ರಕ್ತದ ಗುರುತಾಯಿತು. ತನ್ನ ಕೈ ನೋಡಿಕೊಂಡ, ಹೆಂಡತಿಯ ಕೈ ನೋಡಿದ. ಎರಡರಲ್ಲೂ ಹುರಿಯಂತೆ ಎದ್ದಿತ್ತು. ಅಪ್ಪ ಅವ್ವ ಇಬ್ಬರಿಗೂ ಇದ್ದಮೇಲೆ ಮಗನ ಕೈ ನೋಡುವುದೇನಿತ್ತು!

ಮಗನಿಗೆ ಕನ್ಯೆ ನೋಡಲು ಹೋದಲ್ಲೆಲ್ಲ ಉಪ್ಪಿಟ್ಟು ತಿಂದು ಕೈ ತೊಳೆದು, ಹುಡುಗಿಯ ಮುಂಗೈ ಮಡಚಿಸುತ್ತಿದ್ದ. ನರ ಕಾಣದ ಮೂವರ ಮನೆಯಿಂದ, "ಬ್ಯಾರೆ ರಕ್ತ ಕೂಡೇತಿ" ಎಂದು ಅವರ ಅಪ್ಪಂದಿರ ಮುಖಕ್ಕೇ ಹೇಳಿ ಎದ್ದು ಬಂದಿದ್ದ. ಮೂರು ಸಲವೂ ನೀಲವ್ವ ಸೆರಗು ಸರಿಪಡಿಸಿಕೊಂಡು ಸುಮ್ಮನೆ ಅವನ ಹಿಂದೆ ನಡೆದಿದ್ದಳು.

ನಾಲ್ಕನೆಯ ಹುಡುಗಿ ಕೈ ಮಡಚಿದಳು. ನರ ಎದ್ದಿತು.

"ಇದು ನೋಡ್ರಿ ನಮ್ಮ ರಕ್ತ!" ಎಂದು ಅವನು ತೊಡೆ ತಟ್ಟಿದ.

"ಹಂಗಾರ ನಿಮ್ಮ ಮಗಂದೂ ಒಂದ್ಸಲ ತೋರಸ್ರಿ," ಎಂದಳು ಹುಡುಗಿ.

ಮಗ ನಗುತ್ತಲೇ ಅಂಗಿಯ ತೋಳು ಏರಿಸಿ ಕೈ ಮಡಚಿದ. ಬಲಗೈ ಸಪಾಟಾಗಿತ್ತು. ಎಡಗೈಯೂ ಸಪಾಟಾಗಿತ್ತು.

"ಡಾಕ್ಟರು ಹೇಳ್ಯಾರಲ್ರಿ, ಕೆಲವ್ರಿಗೆ ಹುಟ್ಟಿನಿಂದಾನ..." ಎಂದು ನೀಲವ್ವ ಮೊದಲ ಸಲ ಬಾಯಿ ತೆರೆದಳು.

ಗಂಡ ಅವಳ ಕಡೆ ತಿರುಗಿದ. "ಖರೇ ಹೇಳು. ಇಂವ ಯಾರ ಮಗ?"