ಬಿಗಿ ಬೀಗ

ಆಯಮ್ಮ ಇವತ್ತೂ ಬಂದಿದ್ದಳು.

ಸಾಮಾನು ಕೊಳ್ಳೋಕಲ್ಲ ಅನ್ನುವುದು ರಂಗಸ್ವಾಮಿಗೆ ಖಾತ್ರಿಯಾಗಿತ್ತು. ನೆಟ್ಟಗೆ ಟ್ರಾಲಿ ಸಾಲಿನ ಹತ್ತಿರ ಹೋದಳು. ಕೊನೆಯ ಟ್ರಾಲಿಯ ಬೀಗ ಹಿಡಿದೆಳೆದಳು, ಸರಪಳಿ ಅಲ್ಲಾಡಿಸಿದಳು. ಕೈ ಬೀಗದ ಮೇಲೆ, ಕಣ್ಣು ರಂಗಸ್ವಾಮಿಯ ಮೇಲೆ. ಕಳ್ಳರ ಲಕ್ಷಣ ಇನ್ನು ಹೇಗಿರುತ್ತದೆ?

ಹಾಸನದ ಆ ಸೂಪರ್ ಮಾರ್ಕೆಟ್ಟಿಗೆ ಬೀಗದ ಟ್ರಾಲಿ ಬಂದು ತಿಂಗಳೂ ತುಂಬಿರಲಿಲ್ಲ. ಅದಕ್ಕೆ ಮೊದಲು ಅಲ್ಲಿನ ಟ್ರಾಲಿಗಳಿಗೆ ಕಾಲು ಬಂದಿತ್ತು. ಒಂದು ಬಸ್ ಸ್ಟ್ಯಾಂಡ್ ಮುಂದೆ ಕೆಂಡ ಹೊತ್ತು ಜೋಳ ಸುಡುತ್ತಿತ್ತು. ಇನ್ನೊಂದು ಕಟ್ಟಾಯದಲ್ಲಿ ಶುಂಠಿ ಮೂಟೆ ಹೊರುತ್ತಿತ್ತು. ಮತ್ತೊಂದು ಹರದನಹಳ್ಳಿಯಲ್ಲಿ ಕುರಿಮರಿಗಳನ್ನು ಕೂರಿಸಿಕೊಂಡು ಮೆರೆಯುತ್ತಿರುವ ಫೋಟೊವನ್ನು ಯಾರೋ ಕಳಿಸಿದ್ದರು. ಸೆಕ್ಯುರಿಟಿ ರಂಗಸ್ವಾಮಿಯೇ ಮಾಲೀಕ ಅನಿಲ್‌ಕುಮಾರನಿಗೆ ಉಪಾಯ ಹೇಳಿದ್ದು. ಹತ್ತು ರೂಪಾಯಿ ನಾಣ್ಯ ತೂರಿಸಿದರೆ ಸರಪಳಿ ಬಿಡುತ್ತದೆ. ಟ್ರಾಲಿ ವಾಪಸು ತಂದು ಸಾಲಿಗೆ ಸೇರಿಸಿ ಸರಪಳಿ ಸಿಕ್ಕಿಸಿದರೆ ನಾಣ್ಯ ಹೊರಗೆ ಬರುತ್ತದೆ. ಅಂಗಡಿಯವರೆಲ್ಲ ಮುಖ ಸಿಂಡರಿಸುತ್ತಿದ್ದ ಹತ್ತರ ನಾಣ್ಯಕ್ಕೆ ಕೊನೆಗೂ ಒಂದು ಮರ್ಯಾದೆ ಸಿಕ್ಕಿತ್ತು.

"ನಿಮ್ ಮಾತು ಕೇಳಿ ದುಡ್ಡು ಸುರಿದಿದೀನಿ ರಂಗಸ್ವಾಮಣ್ಣ," ಅಂದಿದ್ದ ಅನಿಲ್‌ಕುಮಾರ್. "ಬೀಗನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಯ್ಬೇಕು. ಇನ್ನೊಂದು ಟ್ರಾಲಿ ಹೋಯ್ತೋ, ಅದರ ಹಿಂದೇನೇ ನೀವೂ ಹೊರಡಿ."

ನಗುತ್ತಲೇ ಅಂದಿದ್ದ. ಆದರೆ ಹಿಂದಿನ ಸೆಕ್ಯುರಿಟಿಯನ್ನು ಮನೆಗೆ ಕಳಿಸಿದ್ದೂ ನಗುತ್ತಲೇ.

ಆಯಮ್ಮ ನಾಣ್ಯ ಹಾಕಿ ಟ್ರಾಲಿ ಬಿಡಿಸಿಕೊಂಡಳು. ಒಳಗೆ ಸುತ್ತಾಡಿ ಒಂದು ಬೆಂಕಿಪೊಟ್ಟಣ ಕೊಂಡಳು. ಟ್ರಾಲಿ ತಂದು ಸಾಲಿಗೆ ಸೇರಿಸಿ, ನಾಣ್ಯ ತೆಗೆದುಕೊಳ್ಳದೆ ಹೊರಟೇಬಿಟ್ಟಳು.

ರಂಗಸ್ವಾಮಿ ಹಿಂದೆ ಓಡಿದ. "ಅಮ್ಮಾ, ನಿಮ್ ಕಾಸು ಬೀಗದಲ್ಲೇ ಉಳೀತು."

"ಮಡೀಕಳಿ, ಕಾಪಿಗಾಯ್ತದೆ."

"ಬ್ಯಾಡಿ. ನಾನಿಲ್ಲಿ ಕಾಯಾಕಿರಾದು, ಕಾಸು ಎತ್ತಾಕಲ್ಲ."

ಆಯಮ್ಮ ಅವನನ್ನು ಕಾಲಿಂದ ತಲೆಯವರೆಗೆ ನೋಡಿದಳು. ನಾಣ್ಯವನ್ನು ಸೊಂಟದ ಚೀಲಕ್ಕೆ ಸೇರಿಸಿದಳು. "ಭಾನುವಾರ ನೀವು ಇಲ್ಲೇ ಇರ್ತೀರೋ, ರಜಾನೋ?"

"ರಜಾ," ಅಂದುಬಿಟ್ಟ. ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಕಳ್ಳರಿಗೆ ತಾನೇ ದಿನ ಗೊತ್ತುಮಾಡಿಕೊಟ್ಟ ಹಾಗಾಯಿತಲ್ಲ!

ಆಯಮ್ಮ ಆಟೊಗಳ ಮರೆಗೆ ಹೋಗಿ ಫೋನು ಕಿವಿಗಿಟ್ಟಳು. ರಂಗಸ್ವಾಮಿ ಕಂಬದ ಮರೆಗೆ ಹೋಗಿ ಕಿವಿ ಇಟ್ಟ.

"ಬೈರಣ್ಣಾ, ನಾನು ಲಕ್ಕಮ್ಮ ಕಣಣ್ಣಾ. ಬೀಗನ್ನ ನೋಡ್ಬುಟ್ಟೆ. ಬಲು ಬಿಗಿ! ಕಾಸು ಹಾಕಿದ್ರೂ ಬಗ್ಗಾಕಿಲ್ಲ... ಊಂ, ಒಳಗಿನೋರು ಒಬ್ರು ನಮ್ ಕಡೀಕೇ ಅವ್ರೆ, ಅದೇನು ಯೋಚ್ನೆ ಇಲ್ಲ. ಭಾನುವಾರ ಗಾಡಿ ಮಾಡ್ಕಂಡು ಬಂದ್ಬುಡು. ಬರಿಗೈಲಿ ಬಂದೀಯೆ ಮತ್ತೆ!"

ರಂಗಸ್ವಾಮಿ ಕಂಬದ ಮರೆಯಲ್ಲೇ ಲೆಕ್ಕ ಹಾಕಿದ. ಬರಿಗೈಲಿ ಬರೋದಿಲ್ಲವಂತೆ. ಅಂದರೆ ಹಾರೆಯೋ, ಸುತ್ತಿಗೆಯೋ. ಅದೂ ಸರಿ, ಒಳಗಿನವರು ಯಾರು? ಬಿಲ್ ಹಾಕುವ ತೇಜಶ್ರೀಯೆ? ತರಕಾರಿ ತೂಗುವ ಚೆನ್ನಯ್ಯನೆ? ಸಂಜೆವರೆಗೂ ಇಬ್ಬರನ್ನೂ ದುರುಗುಟ್ಟಿಕೊಂಡು ನೋಡಿದ. ಚೆನ್ನಯ್ಯ ಕೊನೆಗೆ ಗಾಬರಿಯಾಗಿ ಪ್ಯಾಂಟಿನ ಜಿಪ್ಪು ಮುಟ್ಟಿ ನೋಡಿಕೊಂಡ.

ಶನಿವಾರ ಸಂಜೆ ಮನೆಯಲ್ಲಿ ಮಗಳು ದೀಪಶ್ರೀ ಕಿಟಕಿಯ ಪರದೆ ಒಗೆದು ಹರವುತ್ತಿದ್ದಳು. ಹೆಂಡತಿ ಆಶಾರಾಣಿ, "ನಾಳೆ ಎಲ್ಲಿಗೂ ಹೋಗ್ಬೇಡಿ, ಮನೇಲೇ ಇರಿ," ಅಂದಳು.

"ರಜಾ ಬೇಡ ಅಂತ ಸಾಹುಕಾರ್ರಿಗೆ ಹೇಳಿದೀನಿ."

"ಇದೊಂದು ಭಾನುವಾರ ಕಣ್ರೀ!"

"ಕೆಲಸ ಉಳಿದ್ರೆ ತಾನೆ ಭಾನುವಾರ, ಸೋಮವಾರ ಎಲ್ಲ?"

ಅಷ್ಟು ಹೇಳಿದವನು ವಿಷಯ ಮಾತ್ರ ಬಾಯಿಬಿಡಲಿಲ್ಲ. ಹೆಂಗಸರ ಹತ್ತಿರ ಗುಟ್ಟು ನಿಲ್ಲುವುದಿಲ್ಲ ಅನ್ನುವುದು ರಂಗಸ್ವಾಮಿಯ ಬಹಳ ದಿನದ ನಂಬಿಕೆ.

ಭಾನುವಾರ ಮನೆಯವರು ಏಳುವ ಮೊದಲೇ ಸೈಕಲ್ ಏರಿದ. ದಾರಿಯಲ್ಲಿ ಫೋನು ಆಫ್ ಮಾಡಿದ. ಟ್ರಾಲಿ ಸಾಲಿಗೆ ಮನೆಯಿಂದ ತಂದ ದನದ ಸರಪಳಿಯನ್ನೂ ಬಿಗಿದ. ಬಾಯಲ್ಲಿ ವಿಷಲ್, ಕೈಯಲ್ಲಿ ಲಾಠಿ.

ಬಿಸಿಲು ಏರಿದ ಮೇಲೆ ವ್ಯಾನೊಂದು ಬಂದು ಟ್ರಾಲಿಗಳ ಪಕ್ಕದಲ್ಲೇ ನಿಂತಿತು.

ಮೊದಲು ಲಕ್ಕಮ್ಮ ಇಳಿದಳು. ರೇಷ್ಮೆ ಸೀರೆ ಉಟ್ಟಿದ್ದಳು. ಅನುಮಾನ ಬರಬಾರದು ಅಂತ! ಹಿಂದೆ ಗಿರಿಜಾ ಮೀಸೆಯ ಗಂಡಸೊಬ್ಬ, ಬೈರಣ್ಣ ಇವನೇ ಇರಬೇಕು. ಬಟ್ಟೆ ಮುಚ್ಚಿದ ಏನೋ ಭಾರದ್ದನ್ನು ಎರಡೂ ಕೈಯಲ್ಲಿ ಹೊತ್ತಿದ್ದ. ಅವನ ಹಿಂದೆ ಒಬ್ಬ ಯುವಕ, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ನೆಲ ನೋಡುತ್ತಿದ್ದ.

ರಂಗಸ್ವಾಮಿ ಉಸಿರು ಕಟ್ಟಿ ವಿಷಲ್ ಊದಿದ. ಒಳಗಿಂದ ಅನಿಲ್‌ಕುಮಾರ್ ಓಡಿಬಂದ. ತೇಜಶ್ರೀ ಬಂದಳು. ಚೆನ್ನಯ್ಯ ಹಾಗಲಕಾಯಿ ಹಿಡಿದುಕೊಂಡೇ ಬಂದ.

"ಹಿಡ್ಕಳಿ ಸಾ, ಇವರೇ! ಬೀಗ ಒಡಿಯಾಕೆ ಬಂದವ್ರೆ! ಒಳಗಿನೋರು ಒಬ್ರು ಇವ್ರ ಕಡೆ..."

ವ್ಯಾನಿನಿಂದ ಕೊನೆಯದಾಗಿ ಇಳಿದವಳು ಆಶಾರಾಣಿ.

ಮತ್ತೆ ಊದಲು ಬಾಯಿಗಿಟ್ಟ ವಿಷಲ್ ಜಾರಿ ನೆಲಕ್ಕೆ ಬಿತ್ತು.

ಲಕ್ಕಮ್ಮ ಬೈರಣ್ಣನ ಕೈಲಿದ್ದ ತಟ್ಟೆಯ ಬಟ್ಟೆ ಸರಿಸಿದಳು. ಹೂವು, ಹಣ್ಣು, ವೀಳ್ಯದೆಲೆ, ನಡುವೆ ಅದೇ ಹತ್ತು ರೂಪಾಯಿ ನಾಣ್ಯ.

"ಮನೇಲಿ ಸಿಗ್ನಿಲ್ಲ, ಅದಕ್ಕೇ ಇಲ್ಲಿಗೇ ಬಂದ್ಬುಟ್ವಿ," ಅಂದಳು. "ನನ್ ಮಗ ಒಪ್ಪವ್ನೆ, ನಿಮ್ ದೀಪಶ್ರೀ ಒಪ್ಪವ್ಳೆ, ಬೀಗಿತ್ತಿನೂ ಒಪ್ಪವ್ರೆ. ಇನ್ನು ಬೀಗ್ರು ಒಬ್ರೇ ಬಾಕಿ."