ಗೀರು ಬಿದ್ದ ಹಾಡು

ಗ್ರಾಮಫೋನಿನ ಮೇಲೆ ತಿರುಗುತ್ತಿದ್ದ ಜಮೀಲಾಬಾಯಿಯ ಹಾಡಿನ ಪ್ಲೇಟನ್ನು ಕಿತ್ತು, ಮಗ್ಗಗಳ ಒಡೆಯ ಶಂಕರಯ್ಯ ಮೊಣಕಾಲಿಗೆ ಬಡಿದು ಎರಡು ತುಂಡು ಮಾಡಿದ. ನಾರಾಯಣಪೇಟೆಯ ಆ ನೇಕಾರರ ಪಡಸಾಲೆಯಲ್ಲಿ ಲಾಳಿಗಳೆಲ್ಲ ನಿಂತವು.

“ಪೊಲೀಸ್ ಆ್ಯಕ್ಷನ್ ಆಗಿ ತಿಂಗಳಾತು, ಹೈದರಾಬಾದ್ ನಿಜಾಮನ ಆಟ ಮುಗೀತು. ಇನ್ನ ಇಲ್ಲಿ ಆ ಜಮೀಲಾಬಾಯಿ ಹಾಡು ಬ್ಯಾಡ. ಹಾಡಿದವ್ರು ಮಗ್ಗ ಬಿಟ್ಟು ಏಳ್ರಿ.”

“ಆಕಿ ಸತ್ತು ವರ್ಷಾತು, ಸಾವ್ಕಾರ್ರ. ನಿಜಾಮನ ಗದ್ದುಗಿ ಮ್ಯಾಲ ಆಕಿ ಯಾವಾಗ ಕುಂತಿದ್ಲು?” ಎಂದಳು ಮಗ್ಗದಲ್ಲಿ ಕುಳಿತಿದ್ದ ಸುಗುಣಮ್ಮ. ಮಗ್ಗ ಹೋದರೆ ಅವಳ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಆದರೂ ಲಾಳಿ ಓಡಿಸುತ್ತ ಹಾಡತೊಡಗಿದಳು.

ಗೀರು ಬಿದ್ದ ಆ ಪ್ಲೇಟಿನಲ್ಲಿ ‘ನಾ ಬರತೀನಿ’ ಎಂಬಲ್ಲಿ ಮುಳ್ಳು ಸಿಕ್ಕಿಕೊಂಡು ಅದೇ ಮಾತು ಮೂರು ಸಲ ಬರುತ್ತಿತ್ತು. ಜಮೀಲಾಬಾಯಿ ಅದನ್ನು ಹಾಡಿದ್ದು ಒಂದೇ ಸಲ. ಆ ಹಾಡಿನ ಬೇರೆ ಪ್ಲೇಟು ಕೇಳದ ಈ ನೇಕಾರರಿಗೆ ಮಾತ್ರ ಮೂರು ಸಲ ಬಂದರೇ ಅದು ಅವಳ ಹಾಡು. ಸುಗುಣಮ್ಮ ಅಲ್ಲಿಗೆ ಬಂದು ‘ನಾ ಬರತೀನಿ’ ಎಂದಳು. ಎರಡನೆಯದನ್ನು ಪಕ್ಕದ ಮಗ್ಗದ ಮುದುಕ ಭೀಮಯ್ಯ ಎತ್ತಿಕೊಂಡ. ಮೂರನೆಯದಕ್ಕೆ ಇಡೀ ಪಡಸಾಲೆ ದನಿಗೂಡಿಸಿತು, ಉಳಿದ ಲಾಳಿಗಳೂ ಓಡತೊಡಗಿದವು.

“ಯಾರ್ಯಾರನ್ನ ಮಗ್ಗದಿಂದ ಎಬ್ಬಸ್ತೀರಿ, ಸಾವ್ಕಾರ್ರ?” ಸುಗುಣಮ್ಮ ಕೈ ನಿಲ್ಲಿಸದೆ ಕೇಳಿದಳು.